ಮಾಯಾಲೋಕದಲ್ಲಿ ನಮ್ಮ ಕೈಗಳು

ಹೊಲಿಗೆಯ ತರಗತಿಯಲ್ಲಿ ಕುಳಿತವರೆಲ್ಲರೂ ಬಲ್ಲರು: ಸೂಜಿಗೆ ದಾರವನ್ನು ಪೋಣಿಸುವಾಗ ನಾವು ಒಂದೊಂದು ಬೆರಳಿಗೂ ಅಪ್ಪಣೆ ಕೊಡುವುದಿಲ್ಲ, ಅವು ತಾವಾಗಿಯೇ ಕೆಲಸವನ್ನರಿತು ನಡೆಸುತ್ತವೆ. ಇಂಥ ಕೈಗಳ ಚಲನೆಯನ್ನು ಯಂತ್ರವು ಗುರುತಿಸುವಂತೆ ಮಾಡುವ ವಿದ್ಯೆಯೊಂದು ಈಗ ಬಳಕೆಗೆ ಬಂದಿರುವುದು. ಹೆಣ್ಣುಮಕ್ಕಳು ಕಂಪ್ಯೂಟರಿನ ಕಸುಬನ್ನು ಕೈಕೊಳ್ಳುತ್ತಿರುವ ಈ ಕಾಲದಲ್ಲಿ, ಅದರ ರೀತಿಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಸಂಕ್ಷೇಪವಾಗಿ ತಿಳಿಸಲು ಅಪೇಕ್ಷಿಸುತ್ತೇವೆ.

ಹೆಡ್‌ಸೆಟ್ಟೆಂಬ ಸಾಧನವನ್ನು ಕಣ್ಣುಗಳ ಮೇಲೆ ಧರಿಸಿದವರಿಗೆ, ತಾವು ಬೇರೊಂದು ಸ್ಥಳದಲ್ಲಿಯೇ ಇರುವಂತೆ ತೋರುವ ಏರ್ಪಾಡನ್ನು ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ. ಅಲ್ಲಿನ ವಸ್ತುಗಳನ್ನು ಹಿಡಿಯಲು ಗುಂಡಿಗಳುಳ್ಳ ಕಂಟ್ರೋಲರುಗಳನ್ನು ಉಪಯೋಗಿಸುವುದು ವಾಡಿಕೆಯಾಗಿತ್ತು. 2019ನೆಯ ಡಿಸೆಂಬರಿನಲ್ಲಿ ಆಕ್ಯುಲಸ್ ಕ್ವೆಸ್ಟ್ ಎಂಬ ಹೆಡ್‌ಸೆಟ್ಟಿಗೆ ಬರಿಗೈಗಳನ್ನು ಗುರುತಿಸುವ ಶಕ್ತಿಯನ್ನು ಪ್ರಯೋಗಾರ್ಥವಾಗಿ ಕೂಡಿಸಿದರು. ಇದಕ್ಕೆ ಬೇರೆ ಉಪಕರಣವು ಬೇಕಾಗಲಿಲ್ಲ. ಅದರ ಹೊರಮೈಯಲ್ಲಿದ್ದ ನಾಲ್ಕು ಕ್ಯಾಮೆರಾಗಳೇ ಸಾಕಾದವು.

ಇಂಥ ಲೋಕಗಳನ್ನು ರಚಿಸುವವರಲ್ಲಿ ಅನೇಕರು ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ ಕೆಲಸ ಮಾಡುತ್ತಾರೆ. ಅದಕ್ಕೆ ಓಪನ್‌ಎಕ್ಸ್‌ಆರ್ ಮತ್ತು ಎಕ್ಸ್‌ಆರ್ ಹ್ಯಾಂಡ್ಸ್ ಎಂಬೆರಡು ಪ್ಯಾಕೇಜುಗಳನ್ನು ಸೇರಿಸಿ, ಕೈಗಳನ್ನು ಗುರುತಿಸುವ ಆಯ್ಕೆಯನ್ನು ತೆರೆದಿಡಬೇಕು. ಆಗ ಪ್ರತಿಯೊಂದು ಕೈಯ 26 ಸ್ಥಾನಗಳು ದೊರೆಯುವವು: ಹೆಬ್ಬೆರಳಿನಲ್ಲಿ 4, ಉಳಿದ ಬೆರಳುಗಳಲ್ಲಿ ಐದೈದರಂತೆ 20, ಅಂಗೈಯಲ್ಲಿ ಒಂದು, ಮಣಿಕಟ್ಟಿನಲ್ಲಿ ಒಂದು. ಒಂದೊಂದು ಸ್ಥಾನವೂ ಎಲ್ಲಿರುವುದು, ಯಾವ ಕಡೆಗೆ ತಿರುಗಿರುವುದು ಎಂಬುದನ್ನು ಎಂಜಿನ್ನು ಎಡೆಬಿಡದೆ ತಿಳಿಸುತ್ತಿರುವುದು.

ಆದರೆ ಕೈಯು ಎಲ್ಲಿರುವುದೆಂದು ತಿಳಿದ ಮಾತ್ರಕ್ಕೆ ಅದು ಏನನ್ನು ಬಯಸುವುದೆಂದು ತಿಳಿಯದು. ಆ ಅರ್ಥವನ್ನು ರಚಿಸುವವಳೇ ನಿರ್ಣಯಿಸಬೇಕು. ಹೆಬ್ಬೆರಳಿನ ತುದಿಯೂ ತೋರುಬೆರಳಿನ ತುದಿಯೂ ಎರಡು ಸೆಂಟಿಮೀಟರಿಗಿಂತ ಸಮೀಪಿಸಿದರೆ ವಸ್ತುವನ್ನು ಹಿಡಿದಂತೆ ಎಂದು ಅವಳು ಗೊತ್ತುಮಾಡಬಹುದು. ಬಿಡುವುದಕ್ಕೂ ಅದೇ ಅಳತೆಯನ್ನಿಟ್ಟರೆ, ಬೆರಳು ತುಸು ನಡುಗಿದರೂ ವಸ್ತುವು ಕೈಜಾರುವುದು. ಆದಕಾರಣ ಬಿಡುವ ಅಳತೆಯನ್ನು ಹೆಚ್ಚಾಗಿ, ನಾಲ್ಕು ಸೆಂಟಿಮೀಟರಿನಷ್ಟು, ಇಡುವುದು ಉಚಿತ.

ಇನ್ನೊಂದು ತೊಡಕುಂಟು. ಒಂದು ಕೈಯ ಹಿಂದೆ ಮತ್ತೊಂದು ಮರೆಯಾದರೆ, ಅಥವಾ ಬೆಳಕು ಸಾಲದೆ ಹೋದರೆ, ಕ್ಯಾಮೆರಾಗಳು ಬೆರಳುಗಳನ್ನು ಕಾಣಲಾರವು. ಕೈ ಕಾಣುತ್ತಿಲ್ಲವೆಂಬುದನ್ನು ಎಂಜಿನ್ನು ತಿಳಿಸುತ್ತದೆ. ಅದನ್ನು ಕೈಬಿಟ್ಟಿತೆಂದೆಣಿಸದೆ ಕ್ಷಣಕಾಲ ಕಾದಿರಬೇಕು. ಬರಿಗೈಗೆ ಸ್ಪರ್ಶವೂ ದೊರೆಯದಿರುವುದರಿಂದ, ವಸ್ತುವನ್ನು ಮುಟ್ಟಿದಾಗ ಧ್ವನಿಯಿಂದಲೋ ಬಣ್ಣದ ಬದಲಾವಣೆಯಿಂದಲೋ ಸೂಚನೆ ಕೊಡತಕ್ಕದ್ದು.

ಇವೆಲ್ಲಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ರಚಿಸುವವಳು ತನ್ನ ಕೈಯೊಂದನ್ನೇ ಅಳತೆಗೋಲಾಗಿ ಹಿಡಿದರೆ, ಚಿಕ್ಕ ಮಗುವಿನ ಕೈ, ಸಂಧಿವಾತದಿಂದ ಬಿಗಿದ ಅಜ್ಜಿಯ ಕೈ, ಬೆರಳೊಂದನ್ನು ಕಳೆದುಕೊಂಡ ಕೂಲಿಯವನ ಕೈ ಇವು ಆ ಲೋಕದ ಬಾಗಿಲಲ್ಲಿಯೇ ನಿಲ್ಲಬೇಕಾಗುವುದು. ಯಂತ್ರವು ಅವರನ್ನು ಗುರುತಿಸದಿದ್ದಾಗ, ತಪ್ಪು ತಮ್ಮದೇ ಎಂದು ಅವರು ನಾಚಿಕೊಂಡು ಹಿಂದೆಗೆಯುವರು. ಹಲವರ ಕೈಗಳಿಂದ ಪರೀಕ್ಷೆ ಮಾಡಿಸಿ, ಅಳತೆಗಳನ್ನು ಬದಲಾಯಿಸಲು ಅನುಕೂಲವನ್ನಿತ್ತು, ಬೇಕಾದವರಿಗೆ ಕಂಟ್ರೋಲರಿನ ದಾರಿಯನ್ನೂ ತೆರೆದಿಡುವುದೇ ಒಳ್ಳೆಯ ಕೆಲಸಗಾರ್ತಿಯ ಲಕ್ಷಣ.

ದೇವರು ಎಲ್ಲರ ಕೈಗಳನ್ನೂ ಒಂದೇ ಅಚ್ಚಿನಲ್ಲಿ ಎರೆದಿಲ್ಲ. ಇದನ್ನು ಮರೆಯದವಳು ಕಟ್ಟಿದ ಲೋಕವು, ಮಾಯೆಯದೇ ಆದರೂ, ಸರ್ವರಿಗೂ ಆಶ್ರಯವಾಗುವುದು.