ನಿಮಗಿದು ಗೊತ್ತೆ? ಹೋಟೆಲ್ ನೆಲಸಮವಾಯಿತು, ನಕ್ಷೆಗಳು ಉಳಿದವು

ಟೋಕಿಯೊದ ಇಂಪೀರಿಯಲ್ ಹೋಟೆಲ್‌ಗಾಗಿ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬರೆದದ್ದು ಗೋಡೆ, ಕಂಬ, ಚಾವಣಿಗಳ ನಕ್ಷೆಯನ್ನಷ್ಟೇ ಅಲ್ಲ. ಕುರ್ಚಿ, ನೆಲಹಾಸು, ಊಟದ ತಟ್ಟೆಗಳ ವಿನ್ಯಾಸವೂ ಅವರದೇ. ‘ಓಯಾ’ ಎಂಬ ಮೃದುವಾದ ಜ್ವಾಲಾಮುಖಿ ಶಿಲೆಯಲ್ಲಿ ಮೂಡಿದ ಚಿತ್ತಾರಗಳನ್ನೂ ಅವರೇ ರೂಪಿಸಿದ್ದರು.

1923ರ ಸೆಪ್ಟೆಂಬರ್ 1. ಹೋಟೆಲ್‌ನ ಉದ್ಘಾಟನೆಗೆ ಸಿದ್ಧತೆ ನಡೆದಿದ್ದ ದಿನವೇ ಮಹಾ ಕಾಂಟೊ ಭೂಕಂಪ ಟೋಕಿಯೊವನ್ನು ನಡುಗಿಸಿತು. ಕಟ್ಟಡಕ್ಕೆ ಪೆಟ್ಟು ಬಿದ್ದರೂ ಅದು ಕುಸಿಯಲಿಲ್ಲ. ಮುಂಭಾಗದಲ್ಲಿ ಇರಲೇಬೇಕೆಂದು ರೈಟ್ ಪಟ್ಟುಹಿಡಿದಿದ್ದ ಕೊಳದ ನೀರು, ಭೂಕಂಪದ ಬೆನ್ನಿಗೇ ಹಬ್ಬಿದ ಬೆಂಕಿಯನ್ನು ತಡೆಯಲು ಒದಗಿಬಂತು.

ಭೂಕಂಪಕ್ಕೆ ಬಗ್ಗದ ಈ ಕಟ್ಟಡವನ್ನು ಬಹುಮಹಡಿ ಹೋಟೆಲ್‌ಗೆ ಜಾಗ ಮಾಡಿಕೊಡಲು 1968ರಲ್ಲಿ ಕೆಡವಲಾಯಿತು!

ಮುಂಭಾಗ ಮತ್ತು ಲಾಬಿ ಮಾತ್ರ ನಗೋಯಾ ಬಳಿಯ ಇನುಯಾಮಾದಲ್ಲಿರುವ ‘ಮೇಜಿ-ಮುರಾ’ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಎದ್ದುನಿಂತವು. ಈ ಮರುನಿರ್ಮಾಣ ಮುಗಿದದ್ದು 1985ರಲ್ಲಿ.

ರೈಟ್ ಅವರ ಸಂಗ್ರಹದಲ್ಲಿ ಸುಮಾರು 23,000 ವಾಸ್ತು ರೇಖಾಚಿತ್ರಗಳಿದ್ದು, ಇಂಪೀರಿಯಲ್ ಹೋಟೆಲ್‌ನವೂ ಅದರಲ್ಲಿ ಸೇರಿವೆ. 2012ರಲ್ಲಿ ಈ ಸಂಗ್ರಹವನ್ನು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯ ಜಂಟಿಯಾಗಿ ಪಡೆದುಕೊಂಡವು. ನಕ್ಷೆಗಳು ಈಗ ಏವರಿ ಗ್ರಂಥಾಲಯದಲ್ಲಿ ಸಂಶೋಧಕರ ಅಧ್ಯಯನಕ್ಕೆ ಲಭ್ಯ.