ಯೆರ್ಬಾ ಮಾಟೆ: ಹಂಚಿ ಕುಡಿಯುವ ಪಾನೀಯ

ದಕ್ಷಿಣ ಅಮೆರಿಕೆಯ ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ನಾಡುಗಳ ಮನೆಮನೆಯ ಪಾನೀಯ ಯೆರ್ಬಾ ಮಾಟೆ. ಗ್ವಾರಾನಿ ಎಂಬ ಆದಿವಾಸಿಗಳಿಂದ ಬಳುವಳಿಯಾಗಿ ಬಂದ ಎಲೆಯಿದು. ಒಣಗಿಸಿ ಪುಡಿಮಾಡಿದ ಎಲೆಯನ್ನು ಸೋರೆಬುರುಡೆಯಲ್ಲಿ ತುಂಬಿ, ಬಿಸಿನೀರೆರೆದು, ಜಾಲರಿಯುಳ್ಳ ಲೋಹದ ಕೊಳವೆಯಿಂದ ಹೀರುವರು. ನೀರೆರೆಯುವವನು ಕಟುವಾದ ಮೊದಲ ಸುತ್ತನ್ನು ತಾನೇ ಕುಡಿದು, ಬಳಿಕ ಅದೇ ಬುರುಡೆಯನ್ನು ಸರದಿಯಂತೆ ಎಲ್ಲರಿಗೂ ತುಂಬಿಕೊಡುವನು. ಆ ಕೂಟದಲ್ಲಿ ಎಂಜಲೆಂಬ ಸಂಕೋಚವಿಲ್ಲ.

ಮಾಟೆಯಲ್ಲಿರುವ ಕೆಫೀನ್ ಆಯಾಸವನ್ನು ಮರೆಸಿ ಚುರುಕು ನೀಡುವುದು, ಪಾಲಿಫಿನಾಲ್‌ಗಳೂ ಉಂಟು. ಆದರೆ 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ಸಾರಿತು. ಆರಿಸಿ ಕುಡಿದ ಮಾಟೆಗೆ ಅದು ಈ ದೋಷವನ್ನು ಹೊರಿಸಲಿಲ್ಲ. ನಮ್ಮ ಮನೆಗಳ ಸುಡುವ ಚಹಾಕ್ಕೂ ಈ ಎಚ್ಚರಿಕೆ ಸಲ್ಲುವುದು.

ದಾಸೋಹವನ್ನು ಬಲ್ಲ ನಮಗೆ ಹಂಚಿ ಕುಡಿಯುವ ಆ ರೀತಿ ಪ್ರಿಯವೇ. ಆದರೆ ಮೊದಲು ಬಿಸಿಯಾರಲಿ.