ಎದೆಯುರಿ, ಹೊಟ್ಟೆ ಉಬ್ಬರ, ಅಲ್ಸರ್: ಎಲ್ಲವೂ ‘ಗ್ಯಾಸ್ಟ್ರಿಕ್’ ಒಂದೇನಾ?

“ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಅಡುಗೆ ಸೋಡಾಕ್ಕೆ ನಿಂಬೆ ರಸ ಹಿಂಡಿ ಕುಡಿದರೆ ಗ್ಯಾಸ್ಟ್ರಿಕ್ ಮಂಗಮಾಯ. ಹತ್ತು ಜನರಿಗೆ ಕಳಿಸಿ.” ಈ ಧಾಟಿಯ ಮೆಸೇಜ್ ನಿಮಗೂ ಬಂದಿರುತ್ತದೆ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗಂತೂ ಆಗಾಗ ಬರುತ್ತಲೇ ಇರುತ್ತದೆ, ಕಳಿಸುವವರು ನಮ್ಮ ದೊಡ್ಡಪ್ಪ. ಅದರಲ್ಲಿ ಒಂಚೂರು ನಿಜವೂ ಇದೆ. ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲು ಆ ಪದವನ್ನೇ ನೋಡೋಣ. ‘ಗ್ಯಾಸ್ಟ್ರಿಕ್’ ಅಂದರೆ ‘ಜಠರಕ್ಕೆ ಸಂಬಂಧಿಸಿದ್ದು’ ಎಂದಷ್ಟೇ ಅರ್ಥ, ಅದು ಕಾಯಿಲೆಯ ಹೆಸರಲ್ಲ. ನಾವು ಮಾತ್ರ ತೇಗು ಬಂದರೂ, ಎದೆ ಉರಿದರೂ, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್ ಅಂದುಬಿಡುತ್ತೇವೆ.

ಹೊಟ್ಟೆ ಉಬ್ಬರದ ಗ್ಯಾಸ್ ಬಹುತೇಕ ತಯಾರಾಗುವುದು ಜಠರದಲ್ಲಲ್ಲ, ದೊಡ್ಡ ಕರುಳಿನಲ್ಲಿ. ಕಡಲೆ, ಅಲಸಂದೆ, ಅವರೆಯಂಥ ಕಾಳುಗಳಲ್ಲಿರುವ ರಾಫಿನೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಮನುಷ್ಯರಲ್ಲಿಲ್ಲ. ಅದು ಹಾಗೇ ಕೆಳಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ, ಗ್ಯಾಸ್ ಹೊರಬರುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸುವ ಅಜ್ಜಿಯ ಪದ್ಧತಿ ಇಲ್ಲಿ ಸರಿಯೇ, ಆ ಸಕ್ಕರೆ ಸ್ವಲ್ಪ ನೀರಿಗೆ ಹೋಗುತ್ತದೆ. ಹಾಲು ಕುಡಿದಾಗಲೇ ಉಬ್ಬರ ಆಗುತ್ತಿದ್ದರೆ ಅದು ಹಾಲಿನ ಸಕ್ಕರೆ ಜೀರ್ಣವಾಗದ ಸಮಸ್ಯೆ ಇರಬಹುದು. ಅಂಥವರಲ್ಲಿ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ.

ಎದೆಯುರಿ ಬೇರೆ ಕಥೆ. ಅನ್ನನಾಳ ಜಠರವನ್ನು ಸೇರುವಲ್ಲಿ ಬಾಗಿಲಿನಂಥ ಒಂದು ಸ್ನಾಯು ಇದೆ. ಅದು ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ಹೊಟ್ಟೆ ತುಂಬ ಉಂಡು ತಕ್ಷಣ ಮಲಗುವುದು, ಬೊಜ್ಜು, ಸಿಗರೇಟು, ಮದ್ಯ ಇವೆಲ್ಲ ಇದನ್ನು ಹೆಚ್ಚಿಸುತ್ತವೆ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಟ್ಟರೆ ಎಷ್ಟೋ ಜನರಿಗೆ ಉರಿ ಕಡಿಮೆಯಾಗುತ್ತದೆ.

ಇನ್ನು ಅಲ್ಸರ್. ಖಾರ ಮತ್ತು ಟೆನ್ಷನ್ನಿನಿಂದ ಹುಣ್ಣಾಗುತ್ತದೆ ಎಂದು ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಲ್ಯಾಬಿನಲ್ಲಿ ಬೆಳೆಸಲು ಹೋದರೆ ಬೆಳೆಯುತ್ತಿರಲಿಲ್ಲ. 1982ರಲ್ಲಿ ಈಸ್ಟರ್ ರಜೆ ಬಂದು, ಎರಡು ದಿನಕ್ಕೆ ಎಸೆಯಬೇಕಿದ್ದ ತಟ್ಟೆಗಳು ಹೆಚ್ಚು ದಿನ ಅಲ್ಲೇ ಉಳಿದವು. ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು! ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ದಯವಿಟ್ಟು ಇದನ್ನು ಮನೆಮದ್ದು ಎಂದು ಫಾರ್ವರ್ಡ್ ಮಾಡಬೇಡಿ.)

ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಭಾರತದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹುಣ್ಣಾದವರಿಗೆ ಆ್ಯಂಟಿಬಯಾಟಿಕ್ ಕೋರ್ಸ್ ಇದೆ, ವಾಸಿಯಾಗುತ್ತದೆ. ಅಲ್ಸರ್‌ನ ಇನ್ನೊಂದು ದೊಡ್ಡ ಕಾರಣ ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವ ವ್ಯವಸ್ಥೆಯನ್ನೇ ಇವು ದುರ್ಬಲಗೊಳಿಸುತ್ತವೆ. ಖಾರ ಇರುವ ಉರಿಯನ್ನು ಹೆಚ್ಚಿಸಬಹುದು ನಿಜ, ಆದರೆ ಹುಣ್ಣು ಮಾಡಿದ್ದು ಮೆಣಸಿನಕಾಯಿ ಅಲ್ಲ.

ಸೋಡಾ ಕುಡಿದರೆ ಹಾಯೆನಿಸುವುದು ಸುಳ್ಳಲ್ಲ. ಅದು ಆಮ್ಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ದೊಡ್ಡ ತೇಗು ಬರುತ್ತದೆ, ‘ಗ್ಯಾಸ್ ಹೋಯಿತು’ ಅನ್ನುತ್ತೇವೆ. ಆ ಗ್ಯಾಸ್ ಸೋಡಾದಿಂದಲೇ ಹುಟ್ಟಿದ್ದು! ನಿಂಬೆ ಹಿಂಡಿದರೆ ಸೋಡಾದ ಶಕ್ತಿ ಲೋಟದಲ್ಲೇ ಅರ್ಧ ಮುಗಿದಿರುತ್ತದೆ. ಅದರಲ್ಲಿ ಸೋಡಿಯಂ ಬೇರೆ ಜಾಸ್ತಿ, ಬಿಪಿ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ದಿನಾ ಕುಡಿಯುವುದು ಒಳ್ಳೆಯದಲ್ಲ.

ನನಗೆ ನಿಜವಾಗಿ ಭಯವಾಗುವುದು ಈ ಹಾಯೆನಿಸುವಿಕೆಯ ಬಗ್ಗೆಯೇ. ಹೃದಯಾಘಾತದ ನೋವೂ ಎಷ್ಟೋ ಸಲ ಎದೆಯುರಿಯಂತೆ, ಮೇಲುಹೊಟ್ಟೆಯ ಸಂಕಟದಂತೆ ಬರುತ್ತದೆ. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಲಕ್ಷಣಗಳು ಇನ್ನೂ ಅಸ್ಪಷ್ಟವಾಗಿರಬಹುದು. ಸೋಡಾ ಕುಡಿದು, ಬೆಳಗಾಗಲಿ ನೋಡೋಣ ಎಂದು ಮಲಗಿದರೆ ಚಿಕಿತ್ಸೆಗೆ ಸಿಗಬೇಕಿದ್ದ ಸಮಯ ಹೋಗುತ್ತದೆ. ಎದೆ ಹಿಂಡಿದಂತಾಗಿ ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ, ನೋವು ತೋಳಿಗೋ ದವಡೆಗೋ ಹರಡುವುದು, ಇವುಗಳಲ್ಲಿ ಯಾವುದಿದ್ದರೂ ತೇಗಿಗೆ ಕಾಯದೆ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಮಲ ಟಾರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಆಗಲೂ ಕಾಯುವುದು ಬೇಡ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಬೇಗ ಡಾಕ್ಟರಿಗೆ ತೋರಿಸಿ.

ದೊಡ್ಡಪ್ಪನಿಗೆ ಇದಿಷ್ಟನ್ನೂ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.